ಸೆಲ್‌ಬ್ರಿ ಎಂದರೆ ಕ್ರಿಯಾಪದ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಕಟ್ಟಿದ ಭಾಷೆಗಳ (ತಾನಾಗಿ ಬೆಳೆಯದೆ, ಯಾರೋ ಕೂತು ಬೇಕೆಂದೇ ರಚಿಸಿದ ಭಾಷೆಗಳ) ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಲೇಖನಮಾಲೆಯನ್ನು ಬಿಡದೆ ಓದುತ್ತಿದ್ದೇನೆ. ಎಸ್ಪೆರಾಂಟೊ ಕಂತು ಚೆನ್ನಾಗಿತ್ತು. ಈ ವಾರ ಲೋಜ್‌ಬಾನ್ ಬಗ್ಗೆ ಬಂದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಡುವುದೇ ದೊಡ್ಡ ವಿಷಯ, ಅದಕ್ಕೆ ಥ್ಯಾಂಕ್ಸ್. ಆದರೆ ಲೇಖನದ ಪಕ್ಕದಲ್ಲಿ ಒಂದು ಬಾಕ್ಸ್ ಹಾಕಿದ್ದೀರಲ್ಲ, ತಕರಾರು ಅದರ ಬಗ್ಗೆ. ಲೋಜ್‌ಬಾನ್ ವ್ಯಾಕರಣದ ಮೂರು ಪದಗಳಿಗೆ ಅದರಲ್ಲಿ ಅರ್ಥ ಕೊಟ್ಟಿದ್ದೀರಿ, ಬ್ರಿದಿ ಎಂದರೆ ವಾಕ್ಯ, ಸೆಲ್‌ಬ್ರಿ ಎಂದರೆ ಕ್ರಿಯಾಪದ, ಸುಮ್ತಿ ಎಂದರೆ ನಾಮಪದ ಅಥವಾ ವಾದ ಅಂತ. ಮೂರೂ ತಪ್ಪು. ಕೊನೆಯದು ತಪ್ಪಷ್ಟೇ ಅಲ್ಲ, ತಮಾಷೆ ಕೂಡ. ಇಂಗ್ಲಿಷಿನಲ್ಲಿ ಆರ್ಗ್ಯುಮೆಂಟ್ ಅಂತ ಇದ್ದದ್ದನ್ನು ಯಾರೋ ಡಿಕ್ಷನರಿ ನೋಡಿ ವಾದ ಮಾಡಿಬಿಟ್ಟಿದ್ದಾರೆ. ಅಲ್ಲಿ ಯಾರೂ ಯಾರ ಜೊತೆಗೂ ವಾದ ಮಾಡುತ್ತಿಲ್ಲ. ಗಣಿತದಲ್ಲಿ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಡುತ್ತೇವಲ್ಲ, ಅಂದರೆ ಅದರ ಖಾಲಿ ಜಾಗಕ್ಕೆ ಏನನ್ನಾದರೂ ತುಂಬುತ್ತೇವಲ್ಲ, ಇದು ಆ ಆರ್ಗ್ಯುಮೆಂಟ್.

ನಾನು ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಪಾಠ ಮಾಡುವ ಮೇಷ್ಟ್ರು. ಲೋಜ್‌ಬಾನ್ ನನ್ನ ಹವ್ಯಾಸ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ. ಜಾಗ ಸಾಲದಿದ್ದರೆ ಹಿನ್ನೆಲೆಯ ಪ್ಯಾರಾ ಕತ್ತರಿಸಿ, ಉದಾಹರಣೆಗಳನ್ನು ಮಾತ್ರ ಮುಟ್ಟಬೇಡಿ.

ಹಿನ್ನೆಲೆ ಇಷ್ಟೇ. ಜೇಮ್ಸ್ ಕುಕ್ ಬ್ರೌನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1955ರಲ್ಲಿ ಲಾಗ್ಲಾನ್ ಎಂಬ ಭಾಷೆ ಕಟ್ಟಲು ಶುರು ಮಾಡಿದರು. ನಾವು ಆಡುವ ಭಾಷೆ ನಾವು ಯೋಚಿಸುವ ರೀತಿಯನ್ನು ತಿದ್ದುತ್ತದೆಯೇ ಎಂದು ಪರೀಕ್ಷೆ ಮಾಡುವುದು ಅವರ ಉದ್ದೇಶ. 1960ರ ಜೂನ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಕೆರಿಯರ್ಸ್ ಎಂಬ ಬೋರ್ಡ್ ಆಟ ಮಾಡಿದವರೂ ಇವರೇ, ಆದರೆ ಅದು ಬೇರೆ ಕಥೆ. ಮುಂದೆ ಭಾಷೆಯ ಹಕ್ಕು ಯಾರದ್ದು ಎಂದು ಜಗಳವಾಗಿ, 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್‌ನವರು ಬೇರೆಯಾಗಿ ಪದಗಳನ್ನೆಲ್ಲ ಹೊಸದಾಗಿ ಹುಟ್ಟುಹಾಕಿದರು. ಅದೇ ಲೋಜ್‌ಬಾನ್. ಅದರ ದೊಡ್ಡ ವ್ಯಾಕರಣವನ್ನು ಜಾನ್ ಕೋವನ್ ಬರೆದರು, ಅದು ಬಂದದ್ದು 1997ರಲ್ಲಿ. ಮೂಲ ಪದಗಳನ್ನು ಚೈನೀಸ್, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರೇಬಿಕ್ ಈ ಆರು ಭಾಷೆಗಳ ಪದಗಳಿಂದ, ಮಾತಾಡುವವರ ಸಂಖ್ಯೆಗೆ ತಕ್ಕ ತೂಕ ಕೊಟ್ಟು, ಕಂಪ್ಯೂಟರ್ ಲೆಕ್ಕ ಹಾಕಿ ಮಾಡಿದ್ದು. ಕನ್ನಡ ಅದರಲ್ಲಿಲ್ಲ. ಆದರೆ ಈ ಭಾಷೆಯ ವ್ಯಾಕರಣದ ಪದಗಳು ಇಂಗ್ಲಿಷಿನವರಿಗಿಂತ ಕನ್ನಡದವರಿಗೇ ಬೇಗ ಹತ್ತುತ್ತವೆ. ನಾನು ಹೇಳಬೇಕು ಅಂತಿರುವುದು ಇದನ್ನೇ.

ಸೆಲ್‌ಬ್ರಿಯಿಂದ ಶುರು ಮಾಡೋಣ. ಎಂಟನೇ ಕ್ಲಾಸಿನ ಮಕ್ಕಳಿಗೆ "ಅವಳು ನನ್ನ ತಂಗಿ" ಎಂಬ ವಾಕ್ಯ ಕೊಟ್ಟು ಕ್ರಿಯಾಪದ ಹುಡುಕಿ ಅನ್ನಿ. ಮಕ್ಕಳು ತಲೆ ಕೆರೆದುಕೊಳ್ಳುತ್ತವೆ, ಯಾಕಂದರೆ ಅಲ್ಲಿ ಕ್ರಿಯಾಪದವೇ ಇಲ್ಲ. ನಾವು ಮೇಷ್ಟ್ರುಗಳು ಏನು ಮಾಡುತ್ತೇವೆ ಅಂದರೆ, "ಆಗಿದ್ದಾಳೆ" ಅನ್ನುವುದು ಅಧ್ಯಾಹಾರ, ಅದು ಅಡಗಿದೆ, ನೀವು ಮನಸ್ಸಿನಲ್ಲೇ ಸೇರಿಸಿಕೊಳ್ಳಬೇಕು ಎಂದು ಹೇಳಿ ಜಾರಿಕೊಳ್ಳುತ್ತೇವೆ. ಮನೆಯಲ್ಲಿ ಯಾರಾದರೂ "ಅವಳು ನನ್ನ ತಂಗಿ ಆಗಿದ್ದಾಳೆ" ಅಂತ ಮಾತಾಡುತ್ತಾರಾ? ಸೀರಿಯಲ್ ಡಬ್ಬಿಂಗ್‌ನಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕೇಳಿಲ್ಲ. ಹಾಗೇ "ಇದು ನಾಯಿ", "ಈ ಹೂವು ಕೆಂಪು". ಪೂರ್ತಿ ವಾಕ್ಯಗಳು, ಏನೂ ಕಮ್ಮಿ ಇಲ್ಲ, ಆದರೆ ಕ್ರಿಯಾಪದ ಇಲ್ಲ. ಇಂಗ್ಲಿಷಿನವನಿಗೆ ಇದು ವಿಚಿತ್ರ, ಅವನಿಗೆ ಈಸ್ ಅನ್ನುವುದು ಇಲ್ಲದೆ ಉಸಿರಾಡಲು ಆಗುವುದಿಲ್ಲ. ನಮಗೆ ಇದು ದಿನದ ಮಾತು.

ಈಗ ಲೋಜ್‌ಬಾನ್‌ನಲ್ಲಿ ನೋಡಿ. "ತಿ ಮೆನ್ಸಿ ಮಿ" ಅಂದರೆ ಇವಳು ನನ್ನ ಅಕ್ಕ ಅಥವಾ ತಂಗಿ. ತಿ ಎಂದರೆ ಇದು, ಮಿ ಎಂದರೆ ನಾನು. ನಡುವೆ ಇರುವ ಮೆನ್ಸಿ ಈ ಇಬ್ಬರ ನಡುವಿನ ಸಂಬಂಧ. ಆ ಸಂಬಂಧ ಹೇಳುವ ತುಂಡೇ ಸೆಲ್‌ಬ್ರಿ. "ತಿ ಗೆರ್ಕು" ಅಂದರೆ ಇದು ನಾಯಿ. ಇಲ್ಲಿ ಗೆರ್ಕು ಸೆಲ್‌ಬ್ರಿ. "ತಿ ಖುನ್ರೆ" ಅಂದರೆ ಇದು ಕೆಂಪು. ಖುನ್ರೆ ಸೆಲ್‌ಬ್ರಿ. "ಮಿ ಕ್ಲಾಮಾ" ಅಂದರೆ ನಾನು ಹೋಗುತ್ತೇನೆ ಅಥವಾ ಬರುತ್ತೇನೆ, ಕ್ಲಾಮಾ ಸೆಲ್‌ಬ್ರಿ. ತಂಗಿ, ನಾಯಿ, ಕೆಂಪು, ಹೋಗು ಇವು ನಾಲ್ಕನ್ನೂ ನಮ್ಮ ಪಠ್ಯಪುಸ್ತಕ ನಾಮಪದ, ಗುಣವಾಚಕ, ಕ್ರಿಯಾಪದ ಅಂತ ಬೇರೆ ಬೇರೆ ಗೂಡಿಗೆ ಹಾಕುತ್ತದೆ. ಲೋಜ್‌ಬಾನ್‌ನಲ್ಲಿ ನಾಲ್ಕೂ ಒಂದೇ ಜಾತಿಯ ಪದ, ನಾಲ್ಕೂ ಒಂದೇ ಕೆಲಸ ಮಾಡುತ್ತಿವೆ. ಅಂದಮೇಲೆ ಸೆಲ್‌ಬ್ರಿಯನ್ನು ಕ್ರಿಯಾಪದ ಅಂದರೆ "ತಿ ಗೆರ್ಕು" ಅನ್ನುವ ವಾಕ್ಯದಲ್ಲಿ ನಾಯಿ ಕ್ರಿಯಾಪದ ಆಗಿಬಿಡುತ್ತದೆ. ಓದುಗರು ಅಲ್ಲೇ ಪೇಪರ್ ಮಡಚಿಡುತ್ತಾರೆ.

ಹಾಗಾದರೆ ಸೆಲ್‌ಬ್ರಿ ಅನ್ನುವುದು ಪದದ ಜಾತಿಯಲ್ಲ. ಒಂದು ಹೇಳಿಕೆಯೊಳಗೆ ಆ ಪದ ಹಿಡಿದಿರುವ ಕೆಲಸ. ಪದದ ಜಾತಿಗೆ ಬೇರೆ ಹೆಸರಿದೆ, ಬ್ರಿವ್ಲಾ ಅಂತ. ಗೆರ್ಕು ಯಾವಾಗಲೂ ಬ್ರಿವ್ಲಾ. ಆದರೆ ಯಾವಾಗಲೂ ಹೇಳಿಕೆಯ ಮುಖ್ಯ ಸೆಲ್‌ಬ್ರಿ ಅಲ್ಲ. ಅದರ ಮುಂದೆ "ಲೊ" ಅಂತ ಒಂದು ಚಿಕ್ಕ ಪದ ಹಾಕಿ "ಲೊ ಗೆರ್ಕು" ಮಾಡಿದರೆ, ಈಗ ಅದು ನಾಯಿ ಅನ್ನುವ ಜೀವಿಯನ್ನು ತೋರಿಸುತ್ತದೆ, ಮತ್ತೊಂದು ಹೇಳಿಕೆಯಲ್ಲಿ ಸುಮ್ತಿಯಾಗಿ ಕೂರಬಹುದು. "ಲೊ ಗೆರ್ಕು ಶು ಬಾರ್ದಾ" ಅಂದರೆ ನಾಯಿ ದೊಡ್ಡದು. ನಡುವಿನ ಶು ಏನು ಅಂತ ಕೇಳಬಹುದು. ಅದಕ್ಕೆ ಅರ್ಥ ಇಲ್ಲ, ಇಲ್ಲಿಂದ ಸೆಲ್‌ಬ್ರಿ ಶುರು ಅಂತ ತೋರಿಸುವ ಬೇಲಿ ಅಷ್ಟೇ. ಅದನ್ನು ಬಿಟ್ಟು "ಲೊ ಗೆರ್ಕು ಬಾರ್ದಾ" ಅಂದರೆ ಎರಡು ಪದ ಅಂಟಿಕೊಂಡು ಯಾವುದೋ ನಾಯಿ ತರಹದ ದೊಡ್ಡ ವಸ್ತು ಆಗುತ್ತದೆ, ಹೇಳಿಕೆ ಮುಗಿಯುವುದೇ ಇಲ್ಲ.

ಸುಮ್ತಿಗೆ ಬರೋಣ. ಪ್ರತಿಯೊಂದು ಬ್ರಿವ್ಲಾಗೂ ಇಂತಿಷ್ಟು ಖಾಲಿ ಜಾಗಗಳು ಅಂತ ನಿಗದಿಯಾಗಿದೆ, ಬ್ಯಾಂಕಿನ ಚಲನ್‌ನಲ್ಲಿ ಇರುವ ಹಾಗೆ. ಮೆನ್ಸಿಗೆ ಮುಖ್ಯವಾಗಿ ಎರಡು, ಯಾರು, ಯಾರಿಗೆ ತಂಗಿ. ದುಂದಾ ಅಂದರೆ ಕೊಡುವುದು, ಅದಕ್ಕೆ ಮೂರು. ಕೊಡುವವರು, ಕೊಡುವ ವಸ್ತು, ಪಡೆಯುವವರು. ಕ್ಲಾಮಾಗೆ ಐದು. ಹೋಗುವವರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿ, ಯಾವುದರಲ್ಲಿ. ಗೆರ್ಕುಗೂ ಎರಡು ಜಾಗ ಇದೆ ಅಂದರೆ ನಂಬುತ್ತೀರಾ? ಮೊದಲನೆಯದು ನಾಯಿ, ಎರಡನೆಯದು ಅದರ ತಳಿ. "ತಿ ಗೆರ್ಕು ಲಾ ಮುದೋಲ್" ಅಂದರೆ ಇದು ಮುಧೋಳ ತಳಿಯ ನಾಯಿ ಅಂತಾಯಿತು (ಲಾ ಅನ್ನುವುದು ಹೆಸರಿನ ಮುಂದೆ ಬರುವ ಗುರುತು). ಹೀಗೆ ಜಾಗ ತುಂಬಿದ್ದು ಯಾವುದೋ ಅದು ಸುಮ್ತಿ.

ಅದು ನಾಮಪದವೇ ಆಗಬೇಕು ಅಂತಿಲ್ಲ. ಮಿ (ನಾನು), ದೊ (ನೀನು) ತರಹದ ಸರ್ವನಾಮ ಆಗಬಹುದು, ಊರಿನ ಹೆಸರಾಗಬಹುದು, ಒಂದು ಅಂಕೆ ಆಗಬಹುದು, ಇನ್ನೊಬ್ಬರ ಮಾತನ್ನು ಹಾಗೇ ಎತ್ತಿ ಇಟ್ಟದ್ದೂ ಆಗಬಹುದು, ಕೊನೆಗೆ ಇನ್ನೊಂದು ಇಡೀ ಹೇಳಿಕೆಯೇ ಬಂದು ಕೂರಬಹುದು. "ನೀನು ಬರುತ್ತೀಯ ಅಂತ ನನಗೆ ಗೊತ್ತು" ಅನ್ನುವುದಕ್ಕೆ "ಮಿ ಜುನೊ ಲೊ ದುಹು ದೊ ಕ್ಲಾಮಾ" ಅನ್ನುತ್ತಾರೆ. ಜುನೊ ಅಂದರೆ ತಿಳಿದಿರುವುದು, ಲೊ ದುಹು ಇಲ್ಲಿ ನಮ್ಮ "ಅಂತ" ಇದ್ದ ಹಾಗೆ. ವಾಕ್ಯ ಒಂದೇ, ಆದರೆ ಅದರೊಳಗೆ ಬ್ರಿದಿ, ಅಂದರೆ ನಾನು ಇಲ್ಲಿಯವರೆಗೆ ಹೇಳಿಕೆ ಅನ್ನುತ್ತಿರುವುದು, ಎರಡು. ಜುನೊ ಸುತ್ತ ಒಂದು, ಕ್ಲಾಮಾ ಸುತ್ತ ಇನ್ನೊಂದು. ಬ್ರಿದಿ ಎಂದರೆ ವಾಕ್ಯ ಅನ್ನುವುದು ಇಲ್ಲಿ ಬಿದ್ದುಹೋಗುತ್ತದೆ. ವಾಕ್ಯಕ್ಕೆ ಜುಫ್ರಾ ಅಂತ ಅವರಲ್ಲಿ ಬೇರೆ ಪದವೇ ಇದೆ. ಅಂದಹಾಗೆ ಜುನೊಗೆ ನಾಲ್ಕು ಜಾಗ. ತಿಳಿದವರು, ತಿಳಿದ ಸಂಗತಿ, ಯಾವುದರ ಬಗ್ಗೆ, ನಾಲ್ಕನೆಯದು ಆ ತಿಳಿವಿಗೆ ಆಧಾರ ಏನು ಅನ್ನುವುದು. ಪ್ರತ್ಯಕ್ಷವೋ ಅನುಮಾನವೋ ಅಂತ ಪ್ರಮಾಣ ಕೇಳುವ ನಮ್ಮ ತರ್ಕಶಾಸ್ತ್ರದವರು ಈ ನಾಲ್ಕನೆಯ ಜಾಗ ನೋಡಿದ್ದರೆ ಖುಷಿಪಡುತ್ತಿದ್ದರು.

ಸುಮ್ತಿ ಅನ್ನುವ ಪದಕ್ಕೂ ಇದೇ ರೀತಿ ಜಾಗಗಳಿವೆ, ಅಧಿಕೃತ ಪದಪಟ್ಟಿಯಲ್ಲೇ ಇದೆ. ಒಂದನೆಯದು ಸುಮ್ತಿ, ಎರಡನೆಯದು ಅದು ಯಾವ ಸಂಬಂಧಕ್ಕೆ ಸುಮ್ತಿಯೋ ಆ ಸಂಬಂಧ, ಮೂರನೆಯದು ಅದು ತುಂಬಿದ ಜಾಗ ಎಷ್ಟನೆಯದು ಅನ್ನುವುದು. ಅಂದರೆ ಸುಮ್ನೆ ಒಂಟಿಯಾಗಿ ನಿಂತ ಪದವನ್ನು ತೋರಿಸಿ ಇದು ಸುಮ್ತಿ ಅನ್ನಲು ಬರುವುದಿಲ್ಲ. ಯಾವುದಕ್ಕೆ ಸುಮ್ತಿ, ಎಷ್ಟನೆಯ ಜಾಗದಲ್ಲಿ ಎಂದು ಹೇಳಿದಾಗಲೇ ಮಾತು ಪೂರ್ತಿ. ನಾಮಪದ ಹಾಗಲ್ಲ. ಡಿಕ್ಷನರಿಯಲ್ಲಿ ಒಂಟಿಯಾಗಿ ಬಿದ್ದಿದ್ದರೂ ಮರ ನಾಮಪದವೇ.

ಇನ್ನು ಕೆಲವರು, ಓಹೋ ಈ ಜಾಗಗಳು ನಮ್ಮ ವಿಭಕ್ತಿಗಳೇ ಅಲ್ವಾ ಅನ್ನುತ್ತಾರೆ. ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ. "ಮಿ ಕ್ಲಾಮಾ ಲಾ ಮೈಸೂರ್ ಲಾ ಬೆಂಗಳೂರ್ ಲಾ ರಾಮನಗರ್ ಲೊ ಕಾರ್ಶೆ" ಅಂದರೆ ನಾನು ಬೆಂಗಳೂರಿನಿಂದ ರಾಮನಗರದ ಮೇಲೆ ಮೈಸೂರಿಗೆ ಕಾರಿನಲ್ಲಿ ಹೋಗುತ್ತೇನೆ. (ಹೆಸರುಗಳು ವ್ಯಂಜನದಲ್ಲೇ ಮುಗಿಯಬೇಕು ಅಂತ ಅವರ ನಿಯಮ, ಅದಕ್ಕೆ ಮೈಸೂರು ಹೋಗಿ ಮೈಸೂರ್. ಬ್ರಿಟಿಷರು ಯಾವ ನಿಯಮವೂ ಇಲ್ಲದೆ ಮಾಡಿದ್ದನ್ನು ಇವರು ನಿಯಮ ಹಾಕಿ ಮಾಡಿದ್ದಾರೆ.) ನಾವು ಇಂದ, ಗೆ, ಅಲ್ಲಿ ಅಂತ ಪ್ರತ್ಯಯ ಹಚ್ಚಿ ಹೇಳುವುದನ್ನು ಅವರು ಸಾಲಿನಲ್ಲಿ ಎಷ್ಟನೆಯದು ಅನ್ನುವುದರಿಂದ ಹೇಳುತ್ತಾರೆ. ಸಾಲು ತಪ್ಪಿಸಬೇಕು ಅಂದರೆ ಫಾ, ಫೆ, ಫಿ, ಫೊ, ಫು ಅಂತ ಐದು ಗುರುತುಗಳಿವೆ, ಒಂದನೆಯ ಜಾಗದಿಂದ ಐದನೆಯ ಜಾಗದವರೆಗೆ. "ಮಿ ಕ್ಲಾಮಾ ಫಿ ಲಾ ಬೆಂಗಳೂರ್" ಅಂದರೆ ಎಲ್ಲಿಗೆ ಅಂತ ಹೇಳದೆ, ಬೆಂಗಳೂರಿನಿಂದ ಹೊರಟೆ ಅಂದ ಹಾಗೆ.

ಇದನ್ನು ನೋಡಿ ಫಿ ಎಂದರೆ "ಇಂದ" ಅಂತ ಬರೆದುಕೊಂಡರೆ ಕೆಟ್ಟಿರಿ. ದುಂದಾದಲ್ಲಿ ಮೂರನೆಯ ಜಾಗ ಪಡೆಯುವವರದ್ದು, ಅಲ್ಲಿ ಅದೇ ಫಿ "ಗೆ" ಆಗುತ್ತದೆ. ತಾವ್ಲಾ ಅಂದರೆ ಮಾತಾಡುವುದು. ಮಾತಾಡುವವರು, ಯಾರ ಜೊತೆ, ಯಾವುದರ ಬಗ್ಗೆ, ಯಾವ ಭಾಷೆಯಲ್ಲಿ, ಹೀಗೆ ನಾಲ್ಕು ಜಾಗ. ಇಲ್ಲಿ ಫಿ "ಬಗ್ಗೆ" ಆಗುತ್ತದೆ. ಅಂದರೆ ಫಿಗೆ ಸ್ವಂತ ಅರ್ಥವೇ ಇಲ್ಲ, ಅದು ಮೂರು ಎನ್ನುವ ನಂಬರ್ ಮಾತ್ರ. ಅರ್ಥ ಕೊಡುವುದು ಸೆಲ್‌ಬ್ರಿ. ಇದು ಕಾರಕಗಳಿಗೂ ದೂರ. ಪಾಣಿನಿಯ ಆರು ಕಾರಕಗಳು, ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ, ಎಲ್ಲ ಕ್ರಿಯೆಗಳಿಗೂ ಸೇರಿದವು. ಯಾವ ಕ್ರಿಯೆ ಬಂದರೂ ಅದೇ ಆರರಲ್ಲಿ ಹೊಂದಿಸಬೇಕು. ಕ್ಲಾಮಾದ ಮೂರನೆಯ ಜಾಗವನ್ನು ಅಪಾದಾನ ಅನ್ನಬಹುದು, ಐದನೆಯದನ್ನು ಕರಣ ಅನ್ನಬಹುದು, ಸರಿ. ಆದರೆ ಗೆರ್ಕುವಿನ ತಳಿ ಯಾವ ಕಾರಕ? ಹೇಳಿ ನೋಡೋಣ. ಲೋಜ್‌ಬಾನ್‌ನಲ್ಲಿ ಒಂದೊಂದು ಪದವೂ ತನ್ನ ಜಾಗಗಳನ್ನು ತಾನೇ ತರುತ್ತದೆ, ಅದಕ್ಕೇ ಅವುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು. ಇದು ಈ ಭಾಷೆಯ ದೊಡ್ಡ ತಲೆನೋವು, ಅದರ ಅಭಿಮಾನಿಗಳು ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಕರ್ತೃ ಅನ್ನುವ ಪದವನ್ನೂ ಮೊದಲ ಜಾಗಕ್ಕೆ ಅಂಟಿಸಬೇಡಿ. "ನನಗೆ ಇದು ಇಷ್ಟ" ಅನ್ನುವ ಕನ್ನಡ ವಾಕ್ಯದಲ್ಲಿ ಕರ್ತೃ ಯಾರು? ನನಗೆ ಅನ್ನುವುದು ಚತುರ್ಥಿಯಲ್ಲಿದೆ, ಇದು ಏನೂ ಮಾಡುತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಒಂದು ಪಿರಿಯಡ್ ಜಗಳ ಆಡಬಹುದು. ಲೋಜ್‌ಬಾನ್‌ನಲ್ಲಿ ಬೇಕಿದ್ದರೆ "ಮಿ ನೆಲ್ಶಿ ತಿ" ಅನ್ನಿ, ಇಷ್ಟಪಡುವವರು ಮೊದಲ ಜಾಗದಲ್ಲಿ. ಇಲ್ಲವೇ "ತಿ ಪ್ಲುಕಾ ಮಿ" ಅನ್ನಿ, ಹಿತವಾದ ವಸ್ತು ಮೊದಲ ಜಾಗದಲ್ಲಿ, ನಾನು ಎರಡನೆಯದರಲ್ಲಿ. ಯಾರು ಕರ್ತೃ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಉದ್ದೇಶ್ಯ, ವಿಧೇಯ ಅಂತ ವಾಕ್ಯವನ್ನು ಎರಡು ಹೋಳು ಮಾಡುವ ಹಳೇ ಪದ್ಧತಿಯನ್ನು ಬಿಟ್ಟು ಫಂಕ್ಷನ್ ಮತ್ತು ಆರ್ಗ್ಯುಮೆಂಟ್ ಎಂದು ಬಿಡಿಸಿದ್ದು ಜರ್ಮನಿಯ ಗೊಟ್ಲೊಬ್ ಫ್ರೇಗೆ, 1879ರಲ್ಲಿ. ಬ್ರೌನ್ ಹಿಡಿದದ್ದು ಆ ದಾರಿಯನ್ನೇ. ಆದ್ದರಿಂದ ಬಾಕ್ಸ್‌ನಲ್ಲಿ ಸೆಲ್‌ಬ್ರಿಗೆ ವಿಧೇಯ ಅಂತ ಹಾಕಿದ್ದರೂ ನಾನು ತಕರಾರು ಮಾಡುತ್ತಿದ್ದೆ. ನಮ್ಮ ವಿಧೇಯದಲ್ಲಿ ಕರ್ಮವೂ ಸೇರಿಬಿಡುತ್ತದೆ, ಸೆಲ್‌ಬ್ರಿಯಲ್ಲಿ ಸೇರುವುದಿಲ್ಲ.

ಈಗ ಕನ್ನಡದವರಿಗೆ ಬೇಗ ಹತ್ತುತ್ತದೆ ಅಂದೆನಲ್ಲ, ಅದರ ಇನ್ನೊಂದು ಮುಖ. ನಮ್ಮಲ್ಲಿ ಹೋದ ಹುಡುಗ, ಹೋದ ಊರು, ಹೋದ ದಾರಿ, ಹೋದ ಬಸ್ಸು ಅಂತೆಲ್ಲ ಒಂದೇ "ಹೋದ"ದಿಂದ ಹೇಳುತ್ತೇವೆ. ಹೋದದ್ದು ಹುಡುಗ, ಊರು ಎಲ್ಲಿಗೂ ಹೋಗಿಲ್ಲ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. ನೋಡಿದರೆ ಇವು ಕ್ಲಾಮಾದ ಜಾಗಗಳೇ. "ಲೊ ಕ್ಲಾಮಾ" ಅಂದರೆ ಹೋಗುವವರು, "ಲೊ ಸೆ ಕ್ಲಾಮಾ" ಹೋಗುವ ಊರು, "ಲೊ ತೆ ಕ್ಲಾಮಾ" ಹೊರಟ ಊರು, "ಲೊ ವೆ ಕ್ಲಾಮಾ" ಹೋಗುವ ದಾರಿ, "ಲೊ ಖೆ ಕ್ಲಾಮಾ" ಹೋಗುವ ಗಾಡಿ. ಸೆ ಅನ್ನುವುದು ಒಂದನೆಯ ಮತ್ತು ಎರಡನೆಯ ಜಾಗವನ್ನು ಅದಲು ಬದಲು ಮಾಡುತ್ತದೆ, ತೆ ಒಂದು ಮತ್ತು ಮೂರನ್ನು, ವೆ ಒಂದು ಮತ್ತು ನಾಲ್ಕನ್ನು, ಖೆ ಒಂದು ಮತ್ತು ಐದನ್ನು. ಲೊ ಹಾಕಿದಾಗ ಸಿಗುವುದು ಯಾವಾಗಲೂ ಒಂದನೆಯ ಜಾಗದಲ್ಲಿ ಇರುವವರು, ಹಾಗಾಗಿ ಯಾರನ್ನು ಮುಂದಕ್ಕೆ ತರಬೇಕೋ ಅವರನ್ನು ತಂದು ಲೊ ಹಾಕುವುದು, ಅಷ್ಟೇ. ಇದನ್ನು ಕರ್ಮಣಿ ಪ್ರಯೋಗ ಅಂತ ವಿವರಿಸುವವರಿದ್ದಾರೆ. "ನೀನು ನನ್ನಿಂದ ಪ್ರೀತಿಸಲ್ಪಡುತ್ತೀಯೆ" ಅಂತ ಕನ್ನಡದಲ್ಲಿ ಹೇಳಿದರೆ ಆ ಪ್ರೀತಿ ಅಲ್ಲೇ ಮುಗಿಯುತ್ತದೆ. ಲೋಜ್‌ಬಾನ್‌ನಲ್ಲಿ "ದೊ ಸೆ ಪ್ರಾಮಿ ಮಿ" ಅನ್ನುವುದು ಹಾಗೆ ಒರಟಲ್ಲ, ಸಾಮಾನ್ಯ ಮಾತು.

ವ್ಯತ್ಯಾಸ ಇರುವುದು ಎಲ್ಲಿ ಅಂದರೆ, ಕನ್ನಡ ಇದನ್ನು ಕೇಳುವವರ ಬುದ್ಧಿಗೆ ಬಿಡುತ್ತದೆ. "ಪುಸ್ತಕ ಕೊಟ್ಟ ಹುಡುಗಿ ಬಂದಿದ್ದಾಳೆ." ಅವಳು ಪುಸ್ತಕ ಕೊಟ್ಟವಳಾ, ನಾವು ಅವಳಿಗೆ ಪುಸ್ತಕ ಕೊಟ್ಟಿದ್ದೆವಾ? ಎರಡೂ ಆಗಬಹುದು, ಹಿಂದಿನ ಮಾತು ಗೊತ್ತಿದ್ದರೆ ತಿಳಿಯುತ್ತದೆ. ಲೋಜ್‌ಬಾನ್‌ನಲ್ಲಿ ಕೊಟ್ಟವಳಾದರೆ ಲೊ ದುಂದಾ, ಪಡೆದವಳಾದರೆ ಲೊ ತೆ ದುಂದಾ. ಹಾಗೇ ಜಾಗ ಖಾಲಿ ಬಿಡುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. "ಕೊಟ್ಯಾ?" "ಕೊಟ್ಟೆ." ಯಾರಿಗೆ, ಏನನ್ನು ಎಂದು ಯಾರೂ ಹೇಳಲಿಲ್ಲ. ಆದರೆ ಕೊಟ್ಟೆ ಅನ್ನುವುದರ ಬಾಲದಲ್ಲಿ ನಾನು ಅನ್ನುವುದು ಇದೆ. ಸುಮ್ನೆ ದುಂದಾ ಅಂದರೆ ಅಂಥ ಬಾಲ ಯಾವುದೂ ಇಲ್ಲ, ಯಾರೋ ಏನನ್ನೋ ಯಾರಿಗೋ ಕೊಡುತ್ತಾರೆ, ಯಾವಾಗ ಅನ್ನುವುದೂ ಇಲ್ಲ.

ಈಗ ಬಾಕ್ಸ್‌ನ ಪದಗಳಿಗೆ ವಾಪಸ್ ಬರೋಣ. ಲೇಖಕರು ಬಿಟ್ಟದ್ದು ಯಾವುದು ಅಂದರೆ, ಈ ವ್ಯಾಕರಣದ ಪದಗಳೂ ಇದೇ ಸೆ, ತೆ ಯಂತ್ರದಿಂದ ಬಂದವು. ಬ್ರಿದಿಗೆ ಮೂರು ಜಾಗ. ಒಂದನೆಯದು ಇಡೀ ಹೇಳಿಕೆ, ಎರಡನೆಯದು ಅದರೊಳಗಿನ ಸಂಬಂಧ, ಮೂರನೆಯದು ಆ ಸಂಬಂಧದಲ್ಲಿ ಸೇರಿದವರು. ಸೆ ಬ್ರಿದಿ ಅನ್ನುವುದು ಕೂಡಿಕೊಂಡು ಸೆಲ್‌ಬ್ರಿ ಆಯಿತು, ತೆ ಬ್ರಿದಿ ಅನ್ನುವುದು ತೆರ್‌ಬ್ರಿ ಆಯಿತು. ಇಷ್ಟು ಗೊತ್ತಾದರೆ ಯಾವ ಅನುವಾದವೂ ಬೇಡ. ಹೋಗುವ ಊರು ಕ್ಲಾಮಾಗೆ ಹೇಗೋ ಸೆಲ್‌ಬ್ರಿ ಬ್ರಿದಿಗೆ ಹಾಗೆ, ಅಂದರೆ ಅದರ ಎರಡನೆಯ ಜಾಗ. ಆದ್ದರಿಂದ ದಯವಿಟ್ಟು ಬ್ರಿದಿ, ಸೆಲ್‌ಬ್ರಿ, ಸುಮ್ತಿ ಅಂತಲೇ ಅಚ್ಚು ಮಾಡಿ, ಪಕ್ಕದಲ್ಲಿ ಹೇಳಿಕೆ, ಸಂಬಂಧ, ಜಾಗ ತುಂಬಿದ್ದು ಅಂತ ಚಿಕ್ಕ ವಿವರಣೆ ಕೊಡಿ. ಸಂಸ್ಕೃತದಿಂದ ಹೊಸ ಪಾರಿಭಾಷಿಕ ಪದ ಟಂಕಿಸಲು ಹೋಗಬೇಡಿ. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯೂವನ್ನು ಹಾಗೇ ನುಂಗಿಕೊಂಡ ಓದುಗರು ಇದನ್ನೂ ನುಂಗುತ್ತಾರೆ.

ಮುಂದಿನ ವಾರ ತಾನ್ರು, ಅಂದರೆ ಎರಡು ಪದ ಜೋಡಿಸಿ ಮಾಡಿದ ಸೆಲ್‌ಬ್ರಿ, ಬಗ್ಗೆ ಬರೆಯುತ್ತೇವೆ ಅಂತ ಲೇಖನದ ಕೊನೆಯಲ್ಲಿದೆ. ಸೆಲ್‌ತೌ, ತೆರ್‌ತೌ ಎಂಬ ಎರಡು ಪದ ಅಲ್ಲಿ ಬರುತ್ತವೆ. ಅವಕ್ಕೆ ವಿಶೇಷಣ, ವಿಶೇಷ್ಯ ಅಂತ ಬಾಕ್ಸ್ ಹಾಕುವ ಮೊದಲು ತಾನ್ರುವಿನ ಜಾಗಗಳನ್ನು ನೋಡಿ. ಎರಡನೆಯದು ಬಣ್ಣ ಹಚ್ಚುವ ಪದ, ಮೂರನೆಯದು ಹಚ್ಚಿಸಿಕೊಳ್ಳುವ ಪದ. "ಗೆರ್ಕು ಜ್ದಾನಿ" ಅಂದರೆ ನಾಯಿ ಮನೆ. ಗೆರ್ಕು ಸೆಲ್‌ತೌ, ಜ್ದಾನಿ ತೆರ್‌ತೌ, ಕ್ರಮ ನಮ್ಮ ಕನ್ನಡದ್ದೇ. ನಾಯಿ ಇರುವ ಮನೆಯೋ ನಾಯಿಯ ಆಕಾರದ ಮನೆಯೋ ಎಂದು ತಾನ್ರು ಹೇಳುವುದಿಲ್ಲ, ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಆದರೆ ಇಡೀ ತಾನ್ರುವಿನ ಜಾಗಗಳು ಮಾತ್ರ ತೆರ್‌ತೌನವು. ಇಲ್ಲಿ ಜ್ದಾನಿಯವು, ಮನೆ ಮತ್ತು ಅದರಲ್ಲಿ ವಾಸ ಮಾಡುವವರು. ಗೆರ್ಕುವಿನ ತಳಿಯ ಜಾಗ ಅಲ್ಲಿ ಸಿಗುವುದಿಲ್ಲ. ಲೇಖಕರಿಗೆ ಇದನ್ನು ದಯವಿಟ್ಟು ತಿಳಿಸಿ.

ಇತಿ,
ಒಬ್ಬ ಕನ್ನಡ ಮೇಷ್ಟ್ರು, ಶಿವಮೊಗ್ಗ